ಒಡೆಯದ ಬಾಟಲಿ

ನನ್ನ ಸಿಟ್ಟು ಮೂಗಿನ ತುದಿಯಲ್ಲಿದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳು. ಅದು ಕೈಯಲ್ಲಿದೆ. ಅಣ್ಣನ ಎಡಗಿವಿಗೆ ಗೊತ್ತು.

ಬೇಲೆಕೇರಿಯ ನಮ್ಮ ಗದ್ದೆಯ ಅಂಚಿನಲ್ಲಿ, ಗದ್ದೆ ಕಾಯುವ ದೇವರು ಜಟಗನ ಕಲ್ಲಿದೆ. ವರ್ಷಕ್ಕೊಮ್ಮೆ ಅಲ್ಲಿ ಕೋಳಿ ಕೊಯ್ದು, ಜಟಗನಿಗೆ ಸೆರೆ ಎರೆದು, ಉಳಿದದ್ದನ್ನು ನಾವು ಕುಡಿಯುತ್ತೇವೆ. ಆ ವರ್ಷ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ಅಣ್ಣ ರಜೆಗೆ ಬಂದಿದ್ದ. ಎರಡು ಬಾಟಲಿ ವೈನ್ ತಂದಿದ್ದ. ಒಂದು ಗೋವಾ ಗಡಿಯ ಅಂಗಡಿಯ ಅಗ್ಗದ್ದು, ಇನ್ನೊಂದು ಯಾವುದೋ ದೂರದ ಬಂದರಿನ ಭಾರೀ ಬೆಲೆಯದು.

ನಾನು ಹುಂಜದ ಕತ್ತು ಕತ್ತರಿಸಿದೆ. ಅದು ತಲೆಯಿಲ್ಲದೆ ನಾಲ್ಕು ಹೆಜ್ಜೆ ಓಡಿ, ಅಣ್ಣನ ಪ್ಯಾಂಟಿಗೆಲ್ಲ ರಕ್ತ ಚಿಮ್ಮಿಸಿ ಬಿತ್ತು. ಅಣ್ಣ ಕಲ್ಲಿನ ಮೇಲೆ ಅಗ್ಗದ ವೈನ್ ಎರೆದ.

"ಚಲೋದು ನಿಂಗೆ, ಹಲ್ಕಟ್ ಮಾಲು ದೇವ್ರಿಗಾ?" ಎಂದೆ.

"ದೇವ್ರಿಗೆಂತಾ ರುಚಿ ಗೊತ್ತಾಗ್ತದೆ ಮಾರಾಯಾ? ನಿಂಗಾದ್ರೂ ಗೊತ್ತಾಗ್ತದಾ?"

ನನಗೆ ಕಾಣದ ಹಾಗೆ ಎರಡು ಸ್ಟೀಲ್ ಲೋಟಕ್ಕೆ ಹಾಕಿ ಕೊಟ್ಟ. ಒಂದು ಹುಳಿ, ಒಗರು, ಬಾಯಿಯೆಲ್ಲ ಒಣಗಿತು. ಇನ್ನೊಂದು ಸಿಹಿಯಾಗಿ ನುಣ್ಣಗೆ ಇಳಿಯಿತು. ಸಿಹಿಯದನ್ನೆತ್ತಿ "ಇದೇ ಭಾರೀದು" ಎಂದೆ. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಪೂಜೆಗೆ ಬಂದಿದ್ದ ಭಾವನೂ ಚಿಕ್ಕಪ್ಪನೂ ನಕ್ಕರು.

"ನಿಂಗೂ ಈ ಕಲ್ಲಿಗೂ ಎಂತಾ ಫರಕು?" ಎಂದ ಅಣ್ಣ.

ಕೈಗೆ ಸಿಕ್ಕಿದ್ದು ದುಬಾರಿ ಬಾಟಲಿ. ಎಡಗಿವಿಯ ಮೇಲೆ ಬೀಸಿದೆ. ಅಣ್ಣ ಬಿದ್ದ. ಬಿದ್ದವನಿಗೆ ಇನ್ನೊಮ್ಮೆ ಬೀಸಿದೆ. ಭಾವ ನನ್ನ ಕೂದಲು ಹಿಡಿದೆಳೆದು ಮುಖವನ್ನು ಕಲ್ಲಿಗೆ ಕುಟ್ಟಿದ. ಹಲ್ಲೊಂದು ಅಲ್ಲೇ ಉದುರಿತು. ವೈನು, ಕೋಳಿಯ ರಕ್ತ, ನಮ್ಮಿಬ್ಬರ ರಕ್ತ ಎಲ್ಲ ಒಂದೇ ಕೆಸರಾಯಿತು. ಕ್ವಾರ್ಟರ್ ಬಾಟಲಿಯಾಗಿದ್ದರೆ ಮೊದಲ ಪೆಟ್ಟಿಗೇ ಚೂರಾಗುತ್ತಿತ್ತು. ಇದರ ಗಾಜು ದಪ್ಪ, ತಳ ಭಾರ. ಒಂದು ಬಿರುಕೂ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಆ ಕಿವಿಯ ಆಸೆ ಬಿಡಿ ಎಂದರು. ಹಡಗಿನ ಕೆಲಸವೂ ಹೋಯಿತು. ಪೊಲೀಸರಿಗೆ ಅಣ್ಣ "ಗದ್ದೆ ಅಂಚಿಂದ ಬಿದ್ದೆ" ಎಂದ. ಈಗ ಕಾರವಾರದ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಾನೆ. ತಪ್ಪಾಯಿತು ಎನ್ನುವ ಒಂದು ಮಾತು ಇಷ್ಟು ವರ್ಷ ನನ್ನ ಬಾಯಿಂದ ಹೊರಟಿರಲಿಲ್ಲ. ವೈನಿಗೆ ಅಷ್ಟು ಬೆಲೆ ಕೊಡಬೇಕೇ ಎಂದು ಯಾರಾದರೂ ಚರ್ಚೆ ತೆಗೆದರೆ ಎದ್ದು ಹೋಗುತ್ತಿದ್ದೆ.

ಈ ವರ್ಷ ಅಣ್ಣ ಅಂಥದೇ ಬಾಟಲಿ ತಂದ. ಮೊದಲು ಜಟಗನಿಗೆ ಎರೆದ, ಆಮೇಲೆ ನನ್ನ ಲೋಟಕ್ಕೆ.

"ಹ್ಯಾಂಗದೆ?"

ಅದೇ ಒಗರು. ಈಗಲೂ ನನಗೆ ಹಿಡಿಸಲಿಲ್ಲ.

"ಚಲೋ ಅದೆ. ತಪ್ಪಾಯ್ತು ಅಣ್ಣಾ."

ಅವನು ಗದ್ದೆಯನ್ನೇ ನೋಡುತ್ತಿದ್ದ. ನಾನು ಅವನ ಎಡಕ್ಕೆ ಕೂತಿದ್ದೆ. ಎದ್ದು ಬಲಕ್ಕೆ ಹೋಗಿ ಕೂತು, ಇನ್ನೊಮ್ಮೆ ಹೇಳಿದೆ.