ನಸುಕಿನ್ಯಾಗ ಏಳಬೇಕು

ನಾಲ್ಕಕ್ಕೆ ಏಳುವುದು. ಏಳುವಾಗ ಮಂಚ ಕಿರುಗುಟ್ಟದಂತೆ ಮೊದಲು ಎಡಮೊಣಕೈಗೆ ಭಾರ ಕೊಡುವುದು, ಯಾಕೆಂದರೆ ಗಂಡನ ನಿದ್ದೆ ಕೆಟ್ಟರೆ ಅವನ ದಿನವೇ ಕೆಡುತ್ತದೆ. ನಳದ ಕಡೆಗೆ ಒಂದು ಕಿವಿ ಇಟ್ಟುಕೊಂಡೇ ಅಂಗಳದ ಕಸ ಹೊಡೆಯುವುದು. ಇಳಕಲ್ಲಿನ ಅವರ ಓಣಿಗೆ ಮೂರು ದಿನಕ್ಕೊಮ್ಮೆ ನೀರು, ಅದೂ ನಾಲ್ಕೂವರೆಗೆ ಬಂದು ಐದೂಕಾಲಿಗೆ ನಿಂತುಹೋಗುವ ನೀರು. ಅಷ್ಟರೊಳಗೆ ಹದಿನಾಲ್ಕು ಕೊಡ, ಎರಡು ಹಂಡೆ, ಹಿತ್ತಲಿನ ಟಾಕಿ. ನೀರಿಲ್ಲದ ದಿನ ಅದೇ ಹೊತ್ತಿಗೆ ಬಟ್ಟೆ. ಅತ್ತೆಯ ಮೊಣಕಾಲಿಗೆ ಬಿಸಿನೀರಿನ ಚೀಲ. ಎಸರಿಟ್ಟು, ಹಿಟ್ಟು ನಾದಿ, ಹದಿನೆಂಟು ಜೋಳದ ರೊಟ್ಟಿ. ಬಡಿಯುವ ಸದ್ದು ಒಳಕೋಣೆಗೆ ಕೇಳಬಾರದೆಂದು ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು, ಹೊಗೆಯಲ್ಲಿ. ಬದನೆಕಾಯಿ ಪಲ್ಯ. ಗಂಡನ ಅಂಗಿಗೆ ಇಸ್ತ್ರಿ. ಕೊನೆಗೆ ರಾಟೆಯ ಮುಂದೆ ಕೂತು ಮಾವನ ಮಗ್ಗಕ್ಕೆ ಎಂಟು ಕಂಡಿಕೆ ನೂಲು ಸುತ್ತಿಡುವುದು. ಇಷ್ಟಾದ ಮೇಲೆ ಬೆಳಗಾಗುತ್ತದೆ. ಮನೆಯವರ ಪ್ರಕಾರ ಕೆಲಸ ಶುರುವಾಗುವುದು ಆಮೇಲೆ.

ಅಂಜನಾಳಿಗೆ ಇಪ್ಪತ್ತೊಂಬತ್ತು. ತವರು ಅಮೀನಗಡ, ಅಪ್ಪ ಕರದಂಟಿನ ಅಂಗಡಿಯಲ್ಲಿ ಬೆಲ್ಲದ ಪಾಕ ತಿರುವುತ್ತಿದ್ದವನು. ಪಿಯುಸಿ ಮುಗಿಸಿದ ವರ್ಷ ಇಳಕಲ್ಲಿನ ನೇಕಾರ ಈರಪ್ಪನ ಮನೆಗೆ ಸೊಸೆಯಾಗಿ ಬಂದಳು. ಬಂದ ತಿಂಗಳಲ್ಲೇ ಅತ್ತೆ ಬಸಲಿಂಗವ್ವ ಅವಳ ಕೈಗೆ ಕೊಂಡಿ ಹಾಕುವ ಕೆಲಸ ದಾಟಿಸಿದಳು. ಇಳಕಲ್ ಸೀರೆಯ ಒಡಲೇ ಬೇರೆ ಹಾಸು, ಅಂದರೆ ಮಗ್ಗದ ಉದ್ದೆಳೆ; ಸೆರಗೇ ಬೇರೆ ಹಾಸು. ಎರಡನ್ನೂ ಎಳೆಗೆ ಎಳೆ ಕುಣಿಕೆ ಸಿಕ್ಕಿಸಿ ಕೂಡಿಸಬೇಕು, ಸಾವಿರಾರು ಎಳೆ. ಅದನ್ನು ಮನೆಯ ಹೆಂಗಸರೇ ಮಾಡುವುದು. ಸೀರೆ ಮುಗಿದ ಮೇಲೆ ಅದನ್ನು ಈರಪ್ಪನ ಸೀರೆ ಅನ್ನುತ್ತಾರೆ.

ಗಂಡ ಪ್ರವೀಣಕುಮಾರ ಖಾಸಗಿ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾನೆ. ಆದರೆ ಅವನನ್ನು ಜನ ಗುರುತಿಸುವುದು ಗಿಟಾರಿನಿಂದ. ಗ್ರಾನೈಟ್ ಪಾಲಿಶ್ ಮಾಡುವ ತೌಸಿಫ ಡ್ರಮ್ ಬಾರಿಸುತ್ತಾನೆ, ಇನ್ನಿಬ್ಬರು ಗೆಳೆಯರು ಸೇರಿ ನಾಲ್ವರ ತಂಡ. ಹೆಸರು ‘ಖಾಲಿ ಮಗ್ಗ’. ಹೆಸರು ಕೇಳಿದ ದಿನ ಬಸಲಿಂಗವ್ವ ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು: “ನಮ್ಮ ಮಗ್ಗ ಖಾಲಿ ಇದ್ದದ್ದ ನಾ ಹೆಣ ಆಗೂದ್ರಾಗ ಒಮ್ಮೆರ ನೋಡ್ಬೇಕವಾ.”

ಹಾಡುಗಳೆಲ್ಲ ಪ್ರೀತಿಯವು, ಒಡೆದ ಎದೆಯವು. ಅಷ್ಟು ಅಂಜನಾಳಿಗೆ ಗೊತ್ತಿತ್ತು. ಮಾಳಿಗೆಯ ಕೋಣೆಯಲ್ಲಿ ಅವರು ಅಭ್ಯಾಸ ಮಾಡುವಾಗ ಚಹಾ ಒಯ್ಯುತ್ತಿದ್ದವಳು ಅವಳೇ. ಹತ್ತುವಾಗ ಒಂದು ಸಾಲು, ಇಳಿಯುವಾಗ ಇನ್ನೊಂದು ಸಾಲು. ತಂಡ ಕಟ್ಟಿದ ಆರು ವರ್ಷದಲ್ಲಿ ಒಂದು ಹಾಡನ್ನೂ ಅವಳು ಮೊದಲಿನಿಂದ ಕೊನೆಯವರೆಗೆ ಕೇಳಿರಲಿಲ್ಲ.

ಹಾಗಾಗಿ ಪ್ರವೀಣ ಒಂದು ಶನಿವಾರ, “ಮಧ್ಯಾಹ್ನ ನವನಗರದಾಗ ಕಾಲೇಜಿನ ಗ್ಯಾದರಿಂಗ್ ಐತಿ. ನೀನೂ ಬಾ, ನಮ್ಮ ಹಾಡ ಕೇಳು” ಅಂದಾಗ ಅವಳ ಕೈಯಲ್ಲಿದ್ದ ಲಟ್ಟಣಿಗೆ ನಿಂತಿತು.

“ಏನವಾ, ಸೂರ್ಯಾ ಇವತ್ತ ಯಾವ ದಿಕ್ಕಿಗೆ ಹುಟ್ಯಾನ?” ಅಂದಳು ಬಸಲಿಂಗವ್ವ.

“ನನಗೂ ಗೊತ್ತಿಲ್ರಿ ಅತ್ತಿ.”

“ಹೋಗಿ ಬಾ. ಸಂಜಿ ರೊಟ್ಟಿ ಬಡದಿಟ್ಟ ಹೋಗು, ಅಷ್ಟ.”

ಬಡಿದಿಟ್ಟೇ ಹೋದಳು. ಹಸಿರು ದಡಿಯ ಸೀರೆ ಉಟ್ಟು, ಟೆಂಪೊದಲ್ಲಿ ಡ್ರಮ್ಮುಗಳ ನಡುವೆ ಕೂತು, ಹುನಗುಂದ ದಾಟುವಾಗ ಕಿಟಕಿಯ ಗಾಳಿಗೆ ಮುಖ ಕೊಟ್ಟು, ಮದುವೆಯ ಹೊಸದರಲ್ಲಿ ಆಗಬೇಕಿದ್ದ ಖುಷಿ ಈಗ ಆಗುತ್ತಿದೆ ಅಂದುಕೊಂಡಳು.

ಕಾಲೇಜಿನ ಬಯಲಲ್ಲಿ ಸಾವಿರ ಮಂದಿ. ಹುಡುಗಿಯರ ಸಾಲಿನಲ್ಲಿ ಅವಳಿಗೆ ಒಂದು ಕುರ್ಚಿ ಸಿಕ್ಕಿತು. ಪಕ್ಕದಲ್ಲಿ ಐಶ್ವರ್ಯ ಎಂಬ ಹುಡುಗಿ, ಬಿಎಸ್ಸಿಯವಳು, ಬಾಯಲ್ಲಿ ಹಾಡು ಕೈಯಲ್ಲಿ ಫೋನು. ಮೂರು ಹಾಡು ಮುಗಿದವು. ನಾಲ್ಕನೆಯದಕ್ಕೆ ಮೊದಲು ಅವಳು ಅಂಜನಾಳ ಕೈ ತಟ್ಟಿದಳು: “ಅಕ್ಕಾರ, ಈಗ ಬರೂದ ಮೇನ್ ಹಾಡ. ‘ನಸುಕು’ ಅಂತ, ಇದರ ವಿಡಿಯೊ ಎಲ್ಲಾರ ಫೋನಿನ್ಯಾಗ ಐತಿ. ಕರ್ಚೀಪ್ ತಗೊಂಡ ಕುಂಡ್ರಿ.”

ಪ್ರವೀಣ ಕಣ್ಣು ಮುಚ್ಚಿ ಶುರು ಮಾಡಿದ.

ಅಂಗೈ ಚಾಚಿದೆ ಕತ್ತಲಿಗೆ,
ಗೋಡೆಗೆ ಮುಖ ಮಾಡಿ ಮಲಗಿತು ಪ್ರೀತಿ.
ಒಂದೇ ಒಂದು ಹಾಡು ಕೇಳೆಂದೆ,
ಕೊಂಡಿ ಕಳಚಿತು, ಸೆರಗು ಹೋಯಿತು.

ಅಂಜನಾಳಿಗೆ ಮೊದಲು ನಗು ಬಂತು. ಕೊಂಡಿ ಕಳಚುವುದೇ? ಸೀರೆ ಎಲ್ಲಿ ಹರಿದರೂ ಕೊಂಡಿಯಲ್ಲಿ ಬಿಡುವುದಿಲ್ಲ. ಒಂದು ದಿನ ಕೂತು ನೂರು ಎಳೆ ಸಿಕ್ಕಿಸಿದ್ದರೆ ಇವನು ಹೀಗೆ ಬರೆಯುತ್ತಿರಲಿಲ್ಲ ಅಂದುಕೊಂಡಳು. ಆ ನಗು ತುಟಿಯ ಮೇಲೆ ಇರುವಾಗಲೇ ವಾದ್ಯಗಳೆಲ್ಲ ಒಮ್ಮೆಗೇ ನಿಂತವು. ದೊಡ್ಡ ಸ್ಪೀಕರುಗಳಿಂದ ಒಂದು ಹೆಣ್ಣುದನಿ ಬಂತು. ನಿದ್ದೆಗಣ್ಣಿನ, ದಣಿದ, ಗಂಟಲು ಕಟ್ಟಿದ ದನಿ. ಹಿಂದೆ ಫ್ಯಾನಿನ ಗರಗರ.

“ಬಿಡ್ರಿ... ನಸುಕಿನ್ಯಾಗ ಏಳಬೇಕು.”

ಅದು ಅವಳ ದನಿ.

ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ತನ್ನ ದನಿ ಹೊರಗಿನಿಂದ ಹೇಗೆ ಕೇಳುತ್ತದೆಂದು ಯಾರಿಗೆ ಗೊತ್ತಿರುತ್ತದೆ? ಆದರೆ ಆ ಫ್ಯಾನು ಗೊತ್ತಿತ್ತು. ಮೂರು ಸುತ್ತಿಗೊಮ್ಮೆ ಟಕ್ ಅನ್ನುವ ಅವರ ಕೋಣೆಯ ಫ್ಯಾನು. ಅಷ್ಟರಲ್ಲಿ ಪ್ರವೀಣ ಮೈಕನ್ನು ಮಂದಿಯ ಕಡೆ ಚಾಚಿದ. ಸಾವಿರ ಬಾಯಿ ಒಟ್ಟಿಗೆ ಕೂಗಿದವು: “ಬಿಡ್ರೀ! ನಸುಕಿನ್ಯಾಗ ಏಳಬೇಕು!” ಒಬ್ಬ ಹುಡುಗ ಕುರ್ಚಿ ಹತ್ತಿ ಎದೆ ಬಡಿದುಕೊಂಡ. ಹುಡುಗಿಯರು ಕಣ್ಣೊರೆಸಿಕೊಂಡರು. ಮತ್ತೆ ಅವಳ ದನಿ, ಮತ್ತೆ ಸಾವಿರ ಬಾಯಿ. ಮಂಚದ ಮೇಲೆ ಒಬ್ಬನ ಕಿವಿಗೆಂದು ಆಡಿದ ಮಾತು ಬಯಲ ತುಂಬ ಬೆತ್ತಲೆ ನಿಂತಿತ್ತು.

“ಯಾರ ದನಿ ಅದು?” ಎಂದಳು. ಕೇಳಿದ್ದು ತಾನೇ ಎಂದು ಅವಳಿಗೆ ಆಮೇಲೆ ತಿಳಿಯಿತು.

“ಇಂವನ ಪ್ರೀತಿ ಮುರದಾಕಿದಂತ್ರಿ, ಖರೆ ದನಿ ಅಂತ!” ಐಶ್ವರ್ಯ ಮೂಗು ಒರೆಸಿಕೊಂಡಳು. “ಎಂಥಾ ಕಲ್ಲಿನ ಎದಿ ನೋಡ್ರಿ. ಹಾಡತೇನಿ ಕೇಳ ಅಂದ್ರ ಬಿಡ್ರಿ ಅಂತಾಳ.”

“ಯಾಕ ಏಳಬೇಕಾಗಿತ್ತಂತ ಆಕಿ?”

“ಯಾರಿಗ್ಗೊತ್ರಿ? ಅದನ್ನ ಹಾಡಿನ್ಯಾಗ ಹೇಳೂದ ಇಲ್ಲ. ನಿಮ್ಮೂರ ಯಾವ್ದರಿ ಅಕ್ಕಾರ?”

“ಇಳಕಲ್ಲ.”

“ಅಯ್ಯ, ಅವರ ಊರ! ಆಕಿನ್ನ ನೋಡೀರೇನ್ರಿ ನೀವು?”

ಅಂಜನಾ ತನ್ನ ಅಂಗೈ ನೋಡಿಕೊಂಡಳು. “ಸರಿಯಾಗಿ ನೋಡಿಲ್ಲವಾ” ಅಂದಳು.

ವಾಪಸು ಬರುವಾಗ ಅಮೀನಗಡದಲ್ಲಿ ಚಹಾಕ್ಕೆ ನಿಂತರು. ಅಪ್ಪ ದುಡಿದ ಅಂಗಡಿಯ ಬೋರ್ಡು ಎದುರಿಗೇ ಇತ್ತು, ಅವಳಿಗೆ ಕಾಣಲಿಲ್ಲ. ಚಹಾದ ಮೇಲೆ ಕೆನೆ ಕಟ್ಟಿತು. ತೌಸಿಫ ಹಲ್ಲು ಬಿಟ್ಟುಕೊಂಡು ಬಂದ.

“ವೈನಿ, ನೀವು ಸ್ಟಾರ್ ಆದ್ರಿ! ನಿಮ್ಮ ಒಂದ ಮಾತ ಸಾವಿರ ಮಂದಿ ಒದರಿದ್ರು. ನಮ್ಮ ಅಮ್ಮಾ ದಿನಾ ಒದರತಾಳ, ನಮ್ಮ ಮನ್ಯಾಗ ಒಬ್ಬಾರೂ ಕೇಳೂದಿಲ್ಲ.”

“ನಿಮಗೆಲ್ಲಾ ಗೊತ್ತಿತ್ತೇನು ತೌಸಿಫ, ನನ್ನ ದನಿ ಅಂತ?”

ಅವನ ಹಲ್ಲು ಒಳಗೆ ಹೋದವು. “ಅಂವಾ ನಿಮಗ ಹೇಳ್ಯಾನಂತ ತಿಳ್ಕೊಂಡಿದ್ದಿವ್ರಿ ವೈನಿ” ಅಂದವನು ಬಿಸ್ಕಿಟ್ ತರುವ ನೆವದಲ್ಲಿ ಅಂಗಡಿಯ ಒಳಗೆ ಸರಿದ.

ಪ್ರವೀಣ ಬಂದು ಪಕ್ಕದಲ್ಲಿ ಕೂತ. ಬೆವರಿನಲ್ಲಿ ಹೊಳೆಯುತ್ತಿದ್ದ. “ಹೆಂಗಿತ್ತು?”

“ಅದು ಯಾವಾಗ ರೆಕಾರ್ಡ್ ಮಾಡಿದ್ರಿ?”

“ಮಾಡಿದ್ದಲ್ಲ, ಆಗಿದ್ದು. ಹ್ವಾದ ವರ್ಷ ಮಲಗೂ ಮುಂದ ಫೋನಿನ್ಯಾಗ ಒಂದ ಟ್ಯೂನ್ ಹಿಡೀತಿದ್ದೆ. ನೀ ನಡುವ ಮಾತಾಡಿದಿ. ಮರುದಿನ ಕೇಳಿದ್ರ ಮೈ ಜುಮ್ ಅಂತು ಅಂಜು. ಇಡೀ ಹಾಡ ಅದರಿಂದನ ಹುಟ್ಟೇತಿ.”

“ಮಂದಿ ನನ್ನ ಕಲ್ಲಿನ ಎದಿಯಾಕಿ ಅಂದ್ರು.”

“ನಿನಗಲ್ಲ ಅನ್ನೂದು, ಹಾಡಿನ್ಯಾಗಿನ ಹೆಣ್ಣಿಗೆ. ಕಲಾ ಬ್ಯಾರೆ, ಮನಿ ಬ್ಯಾರೆ.”

“ದನಿ ನಂದ ಐತಲ್ರಿ.”

“ದನಿ ನಿಂದು, ನೋವು ನಂದು” ಎಂದ ಪ್ರವೀಣ. ಎಂದವನು ತನ್ನ ಮಾತು ತನಗೇ ರುಚಿಸಿದಂತೆ ಅದನ್ನೇ ಇನ್ನೊಮ್ಮೆ ಮೆಲ್ಲಗೆ ಗುನುಗಿದ. ಆಮೇಲೆ ಕರೆತಂದ ಕಾರಣ ಹೇಳಿದ. ಹುಬ್ಬಳ್ಳಿಯ ಒಂದು ಕಂಪನಿ ಈ ಹಾಡನ್ನು ಹೊರಗೆ ತರಲು ಒಪ್ಪಿದೆ. ಫ್ಯಾನಿನ ಸದ್ದು ಬೇಡವಂತೆ. ಅವಳು ಅದೇ ಮಾತನ್ನು ಅದೇ ದಣಿವಿನಲ್ಲಿ ಮೈಕಿನ ಮುಂದೆ ಹೇಳಬೇಕು. ದನಿ ಯಾರದೋ ಅವರ ಒಪ್ಪಿಗೆಯ ಸಹಿಯೂ ಬೇಕು. “ನಾಕ ಸೆಕೆಂಡಿನ ಮಾತು. ನಾಳಿ ಏಳಕ್ಕ ತೌಸಿಫ ಬರ್ತಾನ. ಸೋಮವಾರ ಕಳಸಬೇಕು.”

“ಒಲ್ಲೆ ಅಂದ್ರ?”

ಅವನು ಅವಳನ್ನು ಗುರುತಿಲ್ಲದವಳಂತೆ ನೋಡಿದ. “ಒಲ್ಲೆ ಅಂದ್ರ ಹಾಡ ಇಲ್ಲ. ಆರ ವರ್ಷದ ನಮ್ಮೆಲ್ಲಾರ ದುಡಿತ ನೀರಾಗ ಹೋಮ. ನಾಕ ಸೆಕೆಂಡ ಅಂಜು!”

ಮನೆಗೆ ಬಂದು ಮುಸುರೆ ತಿಕ್ಕುವಾಗ ಬಸಲಿಂಗವ್ವ ಕಂಬಕ್ಕೆ ಒರಗಿ ಕೂತು ಏನಾಯಿತೆಂದು ಕೇಳಿದಳು. ಅಂಜನಾ ಹೇಳಿದಳು, ತಿಕ್ಕಿದ ಪಾತ್ರೆಯನ್ನೇ ಮತ್ತೆ ಮತ್ತೆ ತಿಕ್ಕುತ್ತ. ಮುದುಕಿ ಮೊಣಕಾಲು ನೀವಿಕೊಂಡಳು.

“ನನ್ನ ಗಂಡಗ ಹಾಡ ಬರೂದಿಲ್ಲ, ನಾ ಪಾರಾದೆ” ಅಂದಳು. “ಗಂಡಸರ ನೋವಿಗೆ ಹಾಡವಾ. ನಮ್ಮ ನೋವಿಗೆ ಬಿಸಿನೀರಿನ ಚೀಲ. ಏನ್ ಮಾಡ್ತಿ ಈಗ?”

“ಗೊತ್ತಿಲ್ರಿ.”

“ನನ್ನ ಕೇಳಬ್ಯಾಡ. ಅಂವಾ ನನ್ನ ಮಗಾ, ನಾ ಹೇಳೂ ಮಾತ ಸೊಟ್ಟ ಆಗತೈತಿ. ನೀನ ನೋಡ್ಕೊ.”

ಮಲಗುವ ಮುಂಚೆ ಪ್ರವೀಣ ಅವಳ ಫೋನಿಗೆ ಮೂಲ ರೆಕಾರ್ಡು ಕಳಿಸಿದ. “ಇದನ್ನ ನಾಕ ಸಲ ಕೇಳ್ಕೊ. ಹಂಗ ಬರ್ಬೇಕು ದನಿ” ಎಂದು ಹೇಳಿ, ಗೆದ್ದವನ ನಿದ್ದೆ ಮಾಡಿದ.

ನಾಲ್ಕಕ್ಕೆ ಅವಳಿಗೆ ಎಚ್ಚರವಾಯಿತು. ಎಡಮೊಣಕೈಗೆ ಭಾರ ಕೊಟ್ಟಳು, ಮಂಚ ಸದ್ದು ಮಾಡಲಿಲ್ಲ. ಅಂದು ನೀರಿನ ದಿನ. ಕೊಡಗಳನ್ನು ನಳದ ಕೆಳಗೆ ಸಾಲಾಗಿ ಇಟ್ಟು, ಕಸಬರಿಗೆ ಮುಟ್ಟದೆ ಮಾಳಿಗೆ ಹತ್ತಿದಳು. ಈ ಸಲ ಕೈಯಲ್ಲಿ ಚಹಾದ ತಾಟು ಇರಲಿಲ್ಲ. ಮೈಕು ಕೋಲಿನ ಮೇಲೆ ನಿಂತಿತ್ತು. ತೌಸಿಫ ಎಲ್ಲ ಜೋಡಿಸಿ ಹೋಗಿದ್ದ. ಕೆಂಪು ಗುಂಡಿ ಒತ್ತಿದರೆ ಸಾಕು. ಪಕ್ಕದಲ್ಲಿ ಒಪ್ಪಿಗೆಯ ಕಾಗದ, ಅದರ ಮೇಲೊಂದು ಪೆನ್ನು.

ಅವಳು ಫೋನು ಕಿವಿಗೆ ಹಿಡಿದು ರೆಕಾರ್ಡು ಹಚ್ಚಿದಳು. ಗಿಟಾರಿನ ಎರಡು ಮೀಟು. ಫ್ಯಾನಿನ ಟಕ್. “ಬಿಡ್ರಿ... ನಸುಕಿನ್ಯಾಗ ಏಳಬೇಕು.” ಹಾಡು ಇಲ್ಲಿಗೆ ಕತ್ತರಿಸಿತ್ತು. ಫೋನು ಕತ್ತರಿಸಿರಲಿಲ್ಲ. ಅದೇ ದನಿ ಒಂದು ಉಸಿರು ಎಳೆದುಕೊಂಡು ಮುಂದೆ ಹೇಳಿತು:

“ನಾಳಿ ನೀರ ನೀವು ತುಂಬ್ತೀರೇನು? ತುಂಬ್ತೇನಿ ಅನ್ರಿ, ಈಗ ಎದ್ದ ಕುಂಡ್ರತೇನಿ. ಎಷ್ಟ ಹಾಡ ಅದಾವ, ಎಲ್ಲಾ ಕೇಳ್ತೇನಿ.”

ಆಮೇಲೆ ಪ್ರವೀಣನ ದನಿ, ಬೇರೆಲ್ಲೋ ಇರುವವನಂತೆ: “ಹೂಂ, ಹೂಂ. ಮಲ್ಕೋ.”

ಆಮೇಲೆ ಗಿಟಾರು.

ಅವಳು ನೆಲಕ್ಕೆ ಕೂತಳು. ಆ ಮಾತು ಆಡಿದ್ದು ಅವಳಿಗೆ ನೆನಪೇ ಇರಲಿಲ್ಲ. ತಾನು ಇಷ್ಟು ಆಸೆಯಿಂದ ಕೇಳಿದ್ದೆನೇ? ಇನ್ನೊಮ್ಮೆ ಹಚ್ಚಿದಳು. ಹೌದು, ದನಿಯಲ್ಲಿ ನಗೆಯೂ ಇತ್ತು. ಅದು ಬೇಡ ಅಂದ ಮಾತಾಗಿರಲಿಲ್ಲ, ಬಾ ಅಂದ ಮಾತಾಗಿತ್ತು. ಸಾವಿರ ಮಂದಿ ಅತ್ತದ್ದು ಒಬ್ಬ ಗಂಡಸು ಹದಿನಾಲ್ಕು ಕೊಡ ನೀರು ತುಂಬಲು ಒಲ್ಲದ್ದಕ್ಕೆ.

ಅದಕ್ಕಿಂತ ದೊಡ್ಡ ಆಘಾತ ಬಂದದ್ದು ಆಮೇಲೆ. ಅವನು ಇದನ್ನು ಮುಚ್ಚಿಟ್ಟಿರಲಿಲ್ಲ. ಮುಚ್ಚಿಡುವ ಮನಸ್ಸಿದ್ದರೆ ಪೂರ್ತಿ ರೆಕಾರ್ಡು ಕಳಿಸುತ್ತಿದ್ದನೇ? ಒಂದು ವರ್ಷ ಅದನ್ನು ಹಚ್ಚಿ ಹಚ್ಚಿ ಕೇಳಿದ್ದಾನೆ, ತನಗೆ ಬೇಕಾದಲ್ಲಿ ಕತ್ತರಿ ಇಟ್ಟಿದ್ದಾನೆ, ಉಳಿದದ್ದು ಅವನಿಗೆ ಮಾತೆಂದೇ ಕೇಳಿಸಿಲ್ಲ. ಫ್ಯಾನಿನ ಸದ್ದಿನಂತೆ ಕೇಳಿಸಿದೆ.

ತೌಸಿಫನ ಮುಖ ನೆನಪಾಯಿತು. ದಿನವಿಡೀ ಕಲ್ಲಿನ ಧೂಳು ಕುಡಿದು ಬಂದು ಡ್ರಮ್ ಬಾರಿಸುವವನು. ಹಾಡು ಸಾಯುವುದು ಅವಳಿಗೂ ಬೇಡವಾಗಿತ್ತು. ಐಶ್ವರ್ಯಳೂ ನೆನಪಾದಳು. ಯಾಕೆ ಏಳಬೇಕಿತ್ತು ಅಂತ ಹಾಡಿನಲ್ಲಿ ಹೇಳುವುದೇ ಇಲ್ಲ ಅಂದಿದ್ದಳು ಅವಳು.

ಅಂಜನಾ ಕೆಂಪು ಗುಂಡಿ ಒತ್ತಿದಳು. ಮೈಕಿಗೆ ಬಾಯಿ ಹತ್ತಿರ ತಂದಳು. ದಣಿವನ್ನು ನಟಿಸುವ ಅಗತ್ಯ ಬೀಳಲಿಲ್ಲ. ಮಾತನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಹೇಳಿದಳು, ಹದಿನಾಲ್ಕು ಕೊಡ ಅಂತ ಲೆಕ್ಕವನ್ನೂ ಸೇರಿಸಿ. ಗುಂಡಿ ಆರಿಸಿದಳು. ಆಮೇಲೆ ಕಾಗದ ಎಳೆದುಕೊಂಡು, ಸಹಿಯ ಜಾಗದ ಮೇಲಿದ್ದ ಖಾಲಿಯಲ್ಲಿ ಅದೇ ಮಾತುಗಳನ್ನು ಶಾಲೆಯ ಅಕ್ಷರದಲ್ಲಿ ಬರೆದಳು. ಕೆಳಗೆ ಸೇರಿಸಿದಳು: ಇಷ್ಟೂ ಇದ್ದರೆ ನನ್ನ ಒಪ್ಪಿಗೆ. ಒಂದು ಮಾತು ತೆಗೆದರೂ ಇಲ್ಲ. ಅದರ ಕೆಳಗೆ ಸಹಿ.

ಕೆಳಗೆ ನಳ ಬುಸುಗುಟ್ಟಿತು. ಮೊದಲ ಕೊಡಕ್ಕೆ ನೀರು ಬೀಳುವ ಸದ್ದು, ದಪ್ಪಗೆ ಶುರುವಾಗಿ ಸಣ್ಣಗಾಗುತ್ತ ಕಂಠದವರೆಗೆ ಏರಿತು. ಇನ್ನೊಂದು ಗಳಿಗೆಗೆ ಉಕ್ಕುತ್ತದೆ. ಅವಳ ಕಾಲು ತಾವಾಗಿಯೇ ಎದ್ದಿದ್ದವು.

ಅವನ್ನು ಹಿಡಿದು ಕೂರಿಸಿದಳು.