ಕೈಗಳ ಮಾತಿಗೆ ಬಾಯಾದ ಕನ್ನಡಿ ಟೀಚರ್

ಕಿವುಡ ಮಕ್ಕಳ ಶಿಕ್ಷಣವು ದಾನಿಗಳ ಕರುಣೆಯಿಂದ ನಡೆಯುತ್ತಿದ್ದ ಕಾಲವನ್ನೂ, ಅದು ಮಕ್ಕಳ ಹಕ್ಕೆಂದು ಕಾನೂನಿನಲ್ಲಿ ಸೇರಿದ ಕಾಲವನ್ನೂ ಒಂದೇ ಶಾಲೆಯ ಒಂದೇ ಕೊಠಡಿಯಲ್ಲಿ ನಿಂತು ಕಂಡವರು ವಿರಳ. ಮೂವತ್ತೆಂಟು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಶಿಕ್ಷಕಿ ಅಂಥವರಲ್ಲೊಬ್ಬರು. ದಾಖಲೆಗಳಲ್ಲಿ ಅವರ ಹೆಸರು ಏನೇ ಇರಲಿ, ಶಾಲೆಗೆಲ್ಲ ಅವರು ಕನ್ನಡಿ ಟೀಚರ್. ಹೊಗಳಿಕೆ ಎಂದರೆ ಮುಖ ಗಂಟಿಕ್ಕುವ ಅವರು, ಈ ಅಭಿನಂದನಾ ಸಂಪುಟದ ಸುದ್ದಿ ಕಿವಿಗೆ ಬಿದ್ದೊಡನೆ, "ಬರೆಯೋದೇ ಆದ್ರೆ ನನ್ನ ತಪ್ಪನ್ನ ಬರೀರಿ, ಉಳಿದಿದ್ದೆಲ್ಲ ಸಂಬಳಕ್ಕೆ ಮಾಡಿದ ಕೆಲಸ" ಎಂದು ಅಪ್ಪಣೆ ಕೊಡಿಸಿದರು. ಹಿರಿಯರ ಮಾತು ಮೀರಬಾರದಲ್ಲ!

ಇಪ್ಪತ್ತೆರಡರ ಹರೆಯದಲ್ಲಿ ಅವರು ಶಾಲೆಗೆ ಸೇರಿದಾಗ, ಕಿವುಡ ಮಗುವಿಗೆ ಬಾಯಿಮಾತು ಬರಿಸುವುದೇ ವಿದ್ಯೆ ಎಂಬ ನಂಬಿಕೆ ಗಟ್ಟಿಯಾಗಿತ್ತು. ಕೈಸನ್ನೆಗೆ ಬಿಟ್ಟರೆ ನಾಲಿಗೆ ಸೋಮಾರಿಯಾಗುತ್ತದೆ ಎಂದು ತರಬೇತಿಯಲ್ಲಿ ಕಲಿಸಿ ಕಳಿಸಿದ್ದರು. ಮಗುವನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಅದರ ಅಂಗೈಯನ್ನು ತಮ್ಮ ಗಂಟಲಿಗೆ ಒತ್ತಿಕೊಂಡು, ತುಟಿಯೆದುರು ಕಾಗದದ ಚೂರು ಹಿಡಿದು, ಅದು ಅಲುಗುವವರೆಗೂ 'ಪ' ಹೇಳಿಸುತ್ತಿದ್ದರು. ಒಂದು ಅಕ್ಷರಕ್ಕೆ ತಿಂಗಳು ಹಿಡಿದರೂ ಬೇಸರಿಸಿದವರಲ್ಲ. ಭಾನುವಾರ ಹಾಸ್ಟೆಲಿಗೆ ಬಂದು ಹೆಣ್ಣುಮಕ್ಕಳ ತಲೆಯ ಹೇನು ತೆಗೆದು ಜಡೆ ಹಾಕುತ್ತಿದ್ದವರೂ ಅವರೇ. ಆದರೆ ತರಗತಿಯಲ್ಲಿ ಮಾತ್ರ ಮಕ್ಕಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಕೂರಬೇಕಿತ್ತು. ಬೆರಳು ಅಲುಗಿದರೆ ಅವರು ಹೊಡೆಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಆ ನೋಟಕ್ಕಿಂತ ಏಟೇ ವಾಸಿಯಾಗಿತ್ತೆಂದು ಹಳೆಯ ವಿದ್ಯಾರ್ಥಿಗಳು ಇಂದಿಗೂ ತಮಾಷೆ ಮಾಡುತ್ತಾರೆ.

ಸೇವೆಯ ನಾಲ್ಕನೆಯ ವರ್ಷ ಶಾಲೆಗೆ ಇನ್ಸ್‌ಪೆಕ್ಟರು ಬಂದರು. ದರ್ಜಿಯೊಬ್ಬರ ಒಂಬತ್ತು ವರ್ಷದ ಮಗಳಿಗೆ ಕನ್ನಡಿ ಟೀಚರ್ ಎಂಟು ತಿಂಗಳು ಕೂತು ಒಂದೇ ಒಂದು ವಾಕ್ಯ ಕಲಿಸಿದ್ದರು. "ಹೇಗಿದ್ದೀಯಮ್ಮ?" ಎಂದು ಇನ್ಸ್‌ಪೆಕ್ಟರು ಕೇಳಿದರು. ಹುಡುಗಿ ಬೆನ್ನ ಹಿಂದೆ ಕಟ್ಟಿಕೊಂಡಿದ್ದ ಕೈಗಳ ಬೆರಳುಗಳು ಏನೋ ಹೇಳಲು ಹೊರಟವು. ಪಕ್ಕದಲ್ಲೇ ನಿಂತಿದ್ದ ಟೀಚರ್ ನೋಡಿದರು. ಬೆರಳುಗಳು ನಿಂತವು. "ನಾನು ಚೆನ್ನಾಗಿದ್ದೇನೆ" ಎಂದು ಹುಡುಗಿ ಅಚ್ಚುಕಟ್ಟಾಗಿ ಹೇಳಿದಳು. ಕೋಣೆಯೆಲ್ಲ ಚಪ್ಪಾಳೆ ತಟ್ಟಿತು, ಹೆಡ್‌ಮಾಸ್ಟರರ ಕಣ್ಣು ತುಂಬಿತು. ಹತ್ತು ನಿಮಿಷದೊಳಗೆ ಅವಳು ಗೋಡೆ ಹಿಡಿದುಕೊಂಡು ಕುಸಿದಳು. ಅಪೆಂಡಿಕ್ಸ್ ಒಡೆದಿತ್ತು.

ಮೂರು ವಾರ ಆಸ್ಪತ್ರೆಯಲ್ಲಿದ್ದ ಆ ಜೀವ ಉಳಿದದ್ದೇ ಹೆಚ್ಚು. ಬೆಳಗಿನಿಂದ ಹೊಟ್ಟೆ ನೋಯುತ್ತಿದ್ದುದು ಹಾಸ್ಟೆಲಿನ ಮಕ್ಕಳಿಗೆಲ್ಲ ತಿಳಿದಿತ್ತು, ಅವರು ಕದ್ದುಮುಚ್ಚಿ ಕೈಗಳಲ್ಲೇ ಮಾತಾಡಿಕೊಳ್ಳುತ್ತಿದ್ದರು. ತಿಳಿಯದಿದ್ದುದು ಟೀಚರಿಗೊಬ್ಬರಿಗೇ. ಮಂಚದ ಪಕ್ಕ ಕೂತು ಅವರು ಆ ಮಗುವಿನಿಂದ ಮೊದಲು ಕಲಿತ ಸನ್ನೆ 'ನೋವು'. ಅನಂತರ ದಿನವೂ ಸಂಜೆ ಹಾಸ್ಟೆಲಿನ ಜಗಲಿಯಲ್ಲಿ ಮಕ್ಕಳ ಎದುರು ವಿದ್ಯಾರ್ಥಿನಿಯಾಗಿ ಕೂತರು. "ಇಷ್ಟು ವರ್ಷ ಪಟ್ಟ ಪಾಡನ್ನೆಲ್ಲ ನೀರುಪಾಲು ಮಾಡ್ತೀರೇನ್ರೀ?" ಎಂದು ಹೆಡ್‌ಮಾಸ್ಟರರು ರೇಗಿದ್ದೂ ಉಂಟು. ಟೀಚರ್ ಕೇಳಲಿಲ್ಲ.

ಹದಿಮೂರು ವರ್ಷ ಕಳೆದ ಮೇಲೆ, ಯಾವ ಮಗುವನ್ನೂ ಶಾಲೆಯ ಬಾಗಿಲಿನಿಂದ ಹಿಂದೆ ಕಳಿಸಕೂಡದೆಂಬ ಕಾನೂನು ಬಂತು. ಒಳಗೆ ಬಂದ ಮಗುವಿಗೆ ಯಾವ ಭಾಷೆಯಲ್ಲಿ ಕಲಿಸಬೇಕೆಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಅದಕ್ಕಾಗಿ ನೇಮಕವಾದ ಸಮಿತಿಯ ಮುಂದೆ ಸಾಕ್ಷಿ ಹೇಳಲು ದರ್ಜಿಯ ಮಗಳು ಹೋದಳು. ಅವಳ ಸನ್ನೆಯನ್ನು ಮಾತಾಗಿಸಬಲ್ಲವರು ಕನ್ನಡಿ ಟೀಚರ್ ಒಬ್ಬರೇ ಆಗಿದ್ದರು. ಆ ವರ್ಷವೇ ಹೆಡ್‌ಮಾಸ್ಟರರ ಕುರ್ಚಿ ಖಾಲಿಯಾಗಲಿತ್ತು, ಅದು ಇವರಿಗೇ ಎಂಬ ಮಾತೂ ಇತ್ತು. "ಸ್ವಲ್ಪ ನೋಡ್ಕೊಂಡು ಹೇಳಿ. ಆ ಭಾಷೆ ಅಲ್ಲಿ ಯಾರಿಗ್ ಗೊತ್ತು?" ಎಂದು ಹೆಡ್‌ಮಾಸ್ಟರರು ಕಿವಿಮಾತು ಹೇಳಿದ್ದರು.

ಉದ್ದನೆಯ ಮೇಜಿನ ಆಚೆ ಐವರು ಸದಸ್ಯರು. ಹುಡುಗಿಯ ಕೈಗಳು ಚಲಿಸಿದವು, ಟೀಚರ್ ಅವನ್ನು ಒಂದೊಂದಾಗಿ ನುಡಿದರು. "ನನ್ನ ಕೈ ಕಟ್ಟಿಸಿದ್ದು ನನ್ನ ಟೀಚರ್. ಹೊಟ್ಟೆ ನೋವು ಅಂತ ಹೇಳೋಕೆ ಹೋದೆ. ಕಣ್ಣಲ್ಲೇ ಹೆದರಿಸಿದ್ರು. ಸಾಯ್ತಾ ಇದ್ದಾಗ್ಲೂ ಚೆನ್ನಾಗಿದ್ದೀನಿ ಅಂದೆ."

"ಯಾರಮ್ಮ ಆ ಟೀಚರ್?" ಎಂದರು ಅಧ್ಯಕ್ಷರು.

"ನಾನೇ ಸರ್. ತಡೀರಿ, ಅವಳಿನ್ನೂ ಮುಗಿಸಿಲ್ಲ."

ಮುಂದಿನ ವಾಕ್ಯವನ್ನು ಅವರು, "ಟೀಚರೇ ಹೀಗೆ ಮಾಡಿದ ಮೇಲೆ, ಯಾರ ಒಳ್ಳೆತನಾನೂ ನಂಬಿ ನಮ್ಮನ್ನ ಬಿಡಬೇಡಿ, ಕಾನೂನಲ್ಲೇ ಬರೀರಿ" ಎಂದು ಮುಗಿಸಿದರು. ಹುಡುಗಿ ಮೇಜು ಗುದ್ದಿದಳು. ಅವರೇ ಕಲಿಸಿದ್ದರಿಂದ ಅವಳಿಗೆ ತುಟಿ ಓದಲು ಬರುತ್ತಿತ್ತು. ಒಂದು ಪದ ಬಿಟ್ಟುಹೋದದ್ದನ್ನು ಹಿಡಿದುಬಿಟ್ಟಿದ್ದಳು. ಅದೇ ಸನ್ನೆಯನ್ನು ಎರಡು ಸಲ, ಮೂರು ಸಲ ಮಾಡಿದಳು. ತಮ್ಮ ಮೇಲಿನ ದೂರನ್ನೆಲ್ಲ ನೀರು ಕುಡಿದಂತೆ ನುಡಿದಿದ್ದ ಹೆಂಗಸು ಈ ಒಂದು ಪದವನ್ನು ಮಾತ್ರ ಮೂರು ಸಲ ಹೇಳಿಸಿಕೊಂಡ ಮೇಲೆ ಆಡಿದರು. "'ಒಳ್ಳೆ ಟೀಚರೇ' ಅಂತಿದ್ದಾಳೆ, ಸರ್" ಎಂದವರು ಸೆರಗಿನಿಂದ ಮುಖ ಒರೆಸಿಕೊಂಡರು.

ಕಿವುಡ ಮಕ್ಕಳಿಗೆ ಸನ್ನೆ ಭಾಷೆಯಲ್ಲಿ ಕಲಿಯುವ ಹಕ್ಕಿದೆ ಎಂಬ ನಿಯಮ ಮರುವರ್ಷ ಜಾರಿಗೆ ಬಂತು. ಹೆಡ್‌ಮಾಸ್ಟರರ ಕುರ್ಚಿ ಇನ್ಯಾರದೋ ಪಾಲಾಯಿತು, ಟೀಚರಿಗೆ ಅದು ದಕ್ಕಲೇ ಇಲ್ಲ. ಅದರ ಬಗ್ಗೆ ಅವರು ಚಕಾರ ಎತ್ತಿದ್ದನ್ನು ಶಾಲೆಯಲ್ಲಿ ಯಾರೂ ಕೇಳಿಲ್ಲ. ನಿವೃತ್ತಿಯ ನಂತರ, ಕಿವಿ ಕೇಳದ ಹಸುಗೂಸುಗಳ ತಾಯಂದಿರಿಗೆ ಸನ್ನೆ ಕಲಿಸಲು ಅವರು ಆಗಲೇ ಕೊಠಡಿ ನೋಡಿದ್ದಾರೆ.

ಈ ಲೇಖನದ ಕರಡನ್ನು ಅವರಿಗೆ ತೋರಿಸಲಾಗಿತ್ತು. ತಪ್ಪಿನ ಸಂಗತಿಯಲ್ಲಿ ಒಂದಕ್ಷರವನ್ನೂ ತಿದ್ದದೆ, ಸಾಕ್ಷಿಯ ಭಾಗದಲ್ಲಿ ಮಾತ್ರ 'ಒಳ್ಳೆ' ಎಂಬುದನ್ನು ಹೊಡೆದುಹಾಕಿ ಕಳಿಸಿದ್ದರು. ಇಂದು ನಮ್ಮ ಶಾಲೆಯಲ್ಲೇ ಶಿಕ್ಷಕಿಯಾಗಿರುವ, ಈ ಸಂಪುಟದ ಸಂಪಾದಕರೂ ಆಗಿರುವ ದರ್ಜಿಯ ಮಗಳು ಅದನ್ನು ಕೆಂಪು ಶಾಯಿಯಲ್ಲಿ ಮತ್ತೆ ಬರೆದಿದ್ದಾರೆ. ಹಾಗೆಯೇ ಅಚ್ಚಾಗಿದೆ. ಕನ್ನಡಿ ಟೀಚರಿಗೆ ನೂರು ವರ್ಷ ಆಯಸ್ಸಿರಲಿ, ಅಷ್ಟೂ ವರ್ಷಕ್ಕೆ ಸಾಲುವಷ್ಟು ಕೆಲಸವಿರಲಿ.