ಎದುರು ವಕೀಲರ ನಾಲ್ಕು ಪುಟ

ನನಗೊಂದು ಹಳೇ ಚಾಳಿಯಿದೆ. ಯಾವ ಕೇಸೇ ಬರಲಿ, ಮೊದಲು ಎದುರು ವಕೀಲರ ವಾದವನ್ನು ಬರೆದುಕೊಳ್ಳುತ್ತೇನೆ, ಆಮೇಲೆ ನನ್ನದನ್ನು. ಎರಡೂ ಹೆಚ್ಚುಕಡಿಮೆ ಸಮ ಬಂದರೆ ನೆಮ್ಮದಿ. ಮುನಿರಾಜು ಅವರ ಕೇಸಿನಲ್ಲಿ ಎದುರು ವಾದ ನಾಲ್ಕು ಪುಟ ಬಂತು, ಅದೂ ಮುತ್ತಿನಂಥ ಅಕ್ಷರದಲ್ಲಿ. ನನ್ನದು ಅರ್ಧ ಪುಟ. ಅಂದಿನಿಂದ ನನಗೆ ನನ್ನ ಮೇಲೆಯೇ ಗುಮಾನಿ.

ಮುನಿರಾಜು ಬಿಳೇಕಹಳ್ಳಿಯ ಹಳೇ ಕುಳ. ರಾಗಿ ಬೆಳೆಯುತ್ತಿದ್ದ ಅವರ ಹೊಲದಲ್ಲಿ ಈಗ ಬಾಡಿಗೆ ಮನೆಗಳಿವೆ. ಉತ್ತರ ಕರ್ನಾಟಕದವರಿಗೆ ಮನೆ ಕೊಡಬೇಡಿ, ಕೊಟ್ಟಿದ್ದರೆ ಹೊರಗೆ ಹಾಕಿ ಎಂದು ಊರಿನ ಮನೆ ಮಾಲೀಕರ ಮೀಟಿಂಗಿನಲ್ಲಿ ಭಾಷಣ ಬಿಗಿದಿದ್ದರು. ವಿಡಿಯೊ ಹರಿದಾಡಿತು, ಪೊಲೀಸರು ಕೇಸು ಹಾಕಿದರು. ಒಳಗೆ ಹಾಕುವ ಮುಂಚೆ ಜಾಮೀನು ಕೊಡಿಸಿ ಎಂದು ಜಯನಗರದ ನನ್ನ ಆಫೀಸಿಗೆ ಬಂದರು. ನಾನು ಗದಗಿನವನು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿರುವವನು ಎಂದು ಅವರಿಗೆ ತಿಳಿಯದು. ನನ್ನ ಮಾತು ಅಷ್ಟು ಬೆಂಗಳೂರಾಗಿದೆ. ಆ ಭಾಷಣ ಕೇಳಿ ನನಗೆ ಮೈಯೆಲ್ಲ ಉರಿದಿತ್ತು. ಆದರೆ ಎಂಥವನಿಗೂ ವಕೀಲ ಬೇಕು ಎಂದು ಜೂನಿಯರುಗಳಿಗೆ ವರ್ಷಗಟ್ಟಲೆ ಉಪದೇಶ ಮಾಡಿದ ಬಾಯಿ, ಆಗುವುದಿಲ್ಲ ಎನ್ನಲು ನಾಚಿಕೊಂಡಿತು.

ಹೆಂಡತಿ ನಾಲ್ಕೂ ಪುಟ ಓದಿ, “ಇದ್ರಾಗ ಕಾಯ್ದೆ ಎಷ್ಟ ಐತಿ, ನಿಮ್ಮ ಸಿಟ್ಟ ಎಷ್ಟ ಐತ್ರೀ?” ಎಂದಳು. ಸಿಟ್ಟನ್ನೆಲ್ಲ ಹೊಡೆದುಹಾಕುತ್ತ ಹೋದೆ. ಒಂದೂವರೆ ಪುಟ ಉಳಿಯಿತು. ಆಮೇಲೆ ಧ್ವನಿ ಬಂದ್ ಮಾಡಿ ವಿಡಿಯೊ ನೋಡಿದೆ. ಜನ ದೊಣ್ಣೆ ಹಿಡಿದು ನುಗ್ಗಲು ಎದ್ದುನಿಂತಿದ್ದರು ಎಂದು ದೂರಿನಲ್ಲಿತ್ತು. ಕಂಡದ್ದು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತ ಹನ್ನೊಂದು ಮಂದಿ, ಕೈಯಲ್ಲಿ ಕಾಫಿ ಲೋಟ. ಇಬ್ಬರಿಗೆ ನಿದ್ದೆ. ಹತ್ತು ಸಲ ನೋಡಿದ್ದ ವಿಡಿಯೊ ಅದು. ಇಷ್ಟು ದಿನ ಕಾಣಲಿಲ್ಲವೋ, ಕಾಣುವುದು ಬೇಡವಾಗಿತ್ತೋ, ಈಗಲೂ ಆಣೆ ಮಾಡಿ ಹೇಳಲಾರೆ.

ಅದನ್ನೇ ಹಿಡಿದು ವಾದಿಸಿದೆ, ಜಾಮೀನು ಸಿಕ್ಕಿತು. ಕೋರ್ಟಿನ ಹೊರಗೆ ಬರುತ್ತಿದ್ದಂತೆ ಅವ್ವನ ಫೋನು. ಮೈಮರೆತು ಊರಿನ ಮಾತಿನಲ್ಲೇ ಮಾತಾಡಿಬಿಟ್ಟೆ. ಮುನಿರಾಜು ನನ್ನನ್ನೇ ನೋಡುತ್ತ ನಿಂತಿದ್ದರು.

“ನೀವು ಆ ಕಡೆಯೋರಾ ಸಾರ್?”

“ಹೌದು. ಗದಗ.”

“ಮೊದ್ಲೇ ಗೊತ್ತಿದ್ರೆ ನಿಮ್ಮತ್ರ ಬರ್ತಾನೇ ಇರ್ಲಿಲ್ಲ.”

ಓದದೆ ಸಹಿ ಹಾಕಿದ್ದ ಜಾಮೀನು ಅರ್ಜಿಯನ್ನು ನನ್ನ ಕೈಯಿಂದ ಈಸಿಕೊಂಡರು. ನಾನು ಎಲ್ಲಿ ಕೈ ಕೊಟ್ಟಿದ್ದೇನೋ ಎಂದು ಗೇಟಿನ ಪಕ್ಕದಲ್ಲೇ ನಿಂತು ಒಂದೊಂದೇ ಸಾಲು ಹುಡುಕತೊಡಗಿದರು. ನನಗೆ ಬೇಜಾರಾಗಲಿಲ್ಲ. ವಾರವಿಡೀ ನಾನೂ ಅದನ್ನೇ ಹುಡುಕಿದ್ದೆ. ಅಕ್ಷರ ಸಣ್ಣದಿತ್ತು, ಅವರು ಕನ್ನಡಕ ತಂದಿರಲಿಲ್ಲ. ನನ್ನದನ್ನು ತೆಗೆದು ಕೊಟ್ಟೆ.